ಆನ್‌ಲೈನ್ ಎಂ.ಎ.: ಹಣ ಕಟ್ಟುವ ಮುನ್ನ ಲೆಕ್ಕ ಹಾಕಿ

(ಪಕ್ಷದ ವಾರದ ಅಭ್ಯಾಸ ಕೂಟದಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಮುಂದೆ ಮಾಡಿದ ಭಾಷಣ)



ಬೋನಸ್ಸಿನ ಮಾತು, ತೂಕದ ಮಾತು, ಸಂತೆ ಸುಂಕದ ಮಾತು ಆಡತಕ್ಕ ಈ ಕೂಟದಲ್ಲಿ ಇಂದು ಎಂ.ಎ., ಎಂ.ಬಿ.ಎ.ಗಳ ಮಾತೇಕೆ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಕಾರಣ ಇಷ್ಟೆ. ಕೆಲವು ತಿಂಗಳಿಂದ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬರುವವರಲ್ಲಿ ಹಲವರು ಒಂದೇ ಪ್ರಶ್ನೆಯನ್ನು ಹೊತ್ತು ತರುತ್ತಿದ್ದಾರೆ. “ಮಗ ಬಿ.ಕಾಂ. ಮುಗಿಸಿದ್ದಾನೆ. ಬೆಂಗಳೂರಿನಿಂದ ದಿನಕ್ಕೆ ಮೂರು ಸಲ ಫೋನ್ ಬರುತ್ತಿದೆ. ಮನೆಯಲ್ಲೇ ಕುಳಿತು ಎರಡು ವರ್ಷಕ್ಕೆ ಎಂ.ಬಿ.ಎ. ಆಗುತ್ತದಂತೆ. ನಾಳೆಯೊಳಗೆ ಮುಂಗಡ ಕಟ್ಟಬೇಕಂತೆ. ಕಟ್ಟೋಣವೋ, ಬೇಡವೋ?” ಪ್ರಶ್ನೆ ಕೇಳುವವರ ಕೈಯಲ್ಲಿ ಹಣವಿಲ್ಲ. ಅಡವಿಡಲು ಹೆಂಡತಿಯ ಸರವಿದೆ, ಇಲ್ಲವೇ ಸಹಿ ಹಾಕಲು ಸಾಲದ ಕಾಗದವಿದೆ. ಎರಡು ವರ್ಷದ ಪಗಾರವನ್ನು ಕಟ್ಟಿಹಾಕತಕ್ಕ ಈ ನಿರ್ಧಾರವು ಬೋನಸ್ಸಿನ ಪ್ರಶ್ನೆಗಿಂತ ಸಣ್ಣದೆಂದು ನಮಗೆ ತೋರುವುದಿಲ್ಲ.

ಮೆಟ್ರಿಕ್ ಮಾತ್ರ ಓದಿದವರು ಎಂ.ಎ. ಬಗ್ಗೆ ಏನು ಹೇಳಬಲ್ಲಿರಿ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದು ಕೇಳಿಸಿತು. ಸಂತೆಯಲ್ಲಿ ಎತ್ತು ಕೊಳ್ಳುವವನು ಎತ್ತಾಗಿ ಹುಟ್ಟಿರಬೇಕಾಗಿಲ್ಲ. ಹಲ್ಲು ಎಣಿಸಲು ಬಂದರೆ ಸಾಕು. ಇಂದು ನಾವು ಮಾಡುವುದು ಹಲ್ಲೆಣಿಸುವ ಕೆಲಸವನ್ನೇ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ದೂರದಿಂದ ಕಲಿಯುವ ಪದ್ಧತಿಗೆ ನಾವು ವಿರೋಧಿಗಳಲ್ಲ. ಅದು ನಮ್ಮವರೇ ಹೋರಾಡಿ ಗಳಿಸಿದ ಹಕ್ಕು. ತರಗತಿಯಲ್ಲಿ ಕೂಡದವರಿಗೂ ಪರೀಕ್ಷೆ ಬರೆಯಲು ಲಂಡನ್ ವಿಶ್ವವಿದ್ಯಾನಿಲಯವು 1858ರಲ್ಲೇ ಬಾಗಿಲು ತೆರೆಯಿತು. 1963ರಲ್ಲಿ ಬ್ರಿಟನ್ನಿನ ಲೇಬರ್ ಪಕ್ಷದ ನಾಯಕ ಹೆರಾಲ್ಡ್ ವಿಲ್ಸನ್ ಗ್ಲಾಸ್ಗೋ ನಗರದ ಭಾಷಣದಲ್ಲಿ ರೇಡಿಯೋ, ಟೆಲಿವಿಷನ್‌ಗಳ ಮೂಲಕ ಪಾಠ ಹೇಳುವ ವಿಶ್ವವಿದ್ಯಾನಿಲಯದ ಯೋಜನೆಯನ್ನು ಮುಂದಿಟ್ಟರು. ಆ ಯೋಜನೆಯನ್ನು ಹಿಡಿದ ಪಟ್ಟು ಬಿಡದೆ ಕಾರ್ಯಗತ ಮಾಡಿದಾಕೆ ಮಂತ್ರಿ ಜೆನ್ನಿ ಲೀ. ಆಕೆ ಸ್ಕಾಟ್ಲೆಂಡಿನ ಕಲ್ಲಿದ್ದಲ ಗಣಿಯ ಕೂಲಿಕಾರನ ಮಗಳು. 1969ರಲ್ಲಿ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಸನ್ನದು ದೊರೆಯಿತು. 1971ರಲ್ಲಿ ಪಾಠ ಆರಂಭವಾಯಿತು. ಹಿಂದೆ ಯಾವ ಪರೀಕ್ಷೆ ಪಾಸಾಗಿದ್ದೀರಿ ಎಂದು ಅಲ್ಲಿ ಕೇಳಲಿಲ್ಲ. ಗಾಡಿ ಹೊಡೆಯುವವರು, ಮಕ್ಕಳನ್ನು ಸಾಕುವ ತಾಯಂದಿರು ಪದವೀಧರರಾದರು.

ನಮ್ಮ ದೇಶದಲ್ಲಿಯೂ ಇದು ಹೊಸದಲ್ಲ. ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಅಂಚೆಯ ಮೂಲಕ ಪಾಠ ಕಳಿಸಲು ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣ ಸಂಸ್ಥೆ 1969ರಲ್ಲಿ ಹುಟ್ಟಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಪಾರ್ಲಿಮೆಂಟಿನ ಕಾನೂನಿನಿಂದ 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ಬಂದಿತು. ಹಗಲು ಗುಮಾಸ್ತಗಿರಿ ಮಾಡಿ ರಾತ್ರಿ ದೀಪದಡಿ ಓದಿ ಎಂ.ಎ. ಆದವರು ನಮ್ಮ ಜಿಲ್ಲೆಯಲ್ಲೇ ಎಷ್ಟೋ ಮಂದಿ ಇದ್ದಾರೆ. ಆಗ ಅಂಚೆಯವನು ತರುತ್ತಿದ್ದ ಪಾಠ ಈಗ ಮೊಬೈಲಿನಲ್ಲಿ ಬರುತ್ತದೆ.

ಹಾಗಾದರೆ ಬದಲಾದದ್ದೇನು? ನಡುವೆ ದಲಾಲಿ ಬಂದು ಕುಳಿತಿದ್ದಾನೆ. ವ್ಯಾಪಾರಿ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳೆದವನು ಒಬ್ಬ, ಕೊಳ್ಳುವವನು ಒಬ್ಬ. ಇಬ್ಬರ ನಡುವೆ ನಿಂತವನು ಎರಡೂ ಕಡೆ ಕಮಿಷನ್ ಹೊಡೆಯುತ್ತಾನೆ. ಫೋನ್ ಮಾಡುವ ಹುಡುಗ ವಿಶ್ವವಿದ್ಯಾನಿಲಯದ ನೌಕರನೆಂದು ತಾವು ತಿಳಿದಿದ್ದೀರಿ. ಬಹಳ ಸಲ ಅವನು ಹಾಗಲ್ಲ. ಇಷ್ಟು ಜನರನ್ನು ಸೇರಿಸಿದರೆ ಇಷ್ಟು ದುಡ್ಡು ಎಂಬ ಕರಾರಿನ ಮೇಲೆ ದುಡಿಯುವ ಅವನೂ ಒಬ್ಬ ಕೂಲಿಕಾರನೇ. ಅವನ ಮೇಲೆ ಸಿಟ್ಟು ಬೇಡ. ಆದರೆ ಅವನ ಮಾತಿನ ಮೇಲೆ ಮನೆಯ ಒಡವೆಯನ್ನು ಅಡವಿಡುವುದೂ ಬೇಡ.

ಈಗ ಮೊದಲನೆಯ ಪ್ರಶ್ನೆ: ಈ ಪದವಿಗೆ ಬೆಲೆ ಇದೆಯೇ? ಕಾನೂನಿನ ದೃಷ್ಟಿಯಲ್ಲಿ ಇದೆ. ಮಾನ್ಯತೆ ಪಡೆದ ಸಂಸ್ಥೆಗಳಿಂದ ದೂರ ಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಡೆದ ಪದವಿಯು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮವೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗ, ಅಂದರೆ ಯು.ಜಿ.ಸಿ., 2022ರ ಸೆಪ್ಟೆಂಬರಿನಲ್ಲಿ ಪ್ರಕಟಣೆ ಹೊರಡಿಸಿದೆ. ಆದರೆ “ಮಾನ್ಯತೆ ಪಡೆದ” ಎಂಬ ಎರಡು ಶಬ್ದಗಳಲ್ಲೇ ಎಲ್ಲ ಗುಟ್ಟೂ ಅಡಗಿದೆ. ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆ ಇದ್ದರೆ ಸಾಲದು. ಆ ವಿಷಯದ ಆ ಪದವಿಯನ್ನು, ಆ ವರ್ಷದಲ್ಲಿ, ಆನ್‌ಲೈನಾಗಿ ನಡೆಸಲು ಒಪ್ಪಿಗೆ ಇರಬೇಕು. ಆ ಪಟ್ಟಿಯು ಯು.ಜಿ.ಸಿ.ಯ ದೂರ ಶಿಕ್ಷಣ ವಿಭಾಗದಲ್ಲಿ ಯಾರು ಬೇಕಾದರೂ ನೋಡಬಹುದಾದ ಸ್ಥಿತಿಯಲ್ಲಿದೆ. 2024ರಿಂದ ಪ್ರತಿ ವಿದ್ಯಾರ್ಥಿಯೂ ಸೇರುವ ಮುನ್ನ ಆ ವಿಭಾಗದಲ್ಲಿ ತನ್ನದೇ ಗುರುತಿನ ಸಂಖ್ಯೆಯೊಂದನ್ನು ಮಾಡಿಸಿಕೊಳ್ಳಬೇಕೆಂಬ ನಿಯಮವೂ ಬಂದಿದೆ. ಈ ಸಂಖ್ಯೆಯ ಸುದ್ದಿಯನ್ನೇ ಎತ್ತದೆ “ಮೊದಲು ಹಣ ಕಟ್ಟಿ” ಎನ್ನುವವನನ್ನು ಬಾಗಿಲಿನಿಂದಲೇ ಕಳಿಸಿಬಿಡಿ.

ಎಲ್ಲ ವಿಷಯಗಳನ್ನೂ ಹೀಗೆ ಕಲಿಸುವಂತಿಲ್ಲ ಎಂಬುದನ್ನೂ ತಿಳಿದಿರಬೇಕು. ಎಂಜಿನಿಯರಿಂಗ್, ವೈದ್ಯ, ನರ್ಸಿಂಗ್, ಔಷಧ ಶಾಸ್ತ್ರ, ಕಾನೂನು, ಕೃಷಿ ಮುಂತಾದವುಗಳಿಗೆ ಆನ್‌ಲೈನ್ ಪದವಿ ನಿಷಿದ್ಧ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಶ್ಶಾಸ್ತ್ರ, ಸೂಕ್ಷ್ಮಜೀವಿ ಶಾಸ್ತ್ರ, ಆಹಾರ ಮತ್ತು ಪೋಷಣೆಯ ವಿಷಯಗಳನ್ನೂ ಈ ನಿಷೇಧದ ಪಟ್ಟಿಗೆ ಸೇರಿಸಿದ್ದಾರೆ. ಮಧ್ಯವರ್ತಿ ಕಂಪೆನಿಗಳಿಗೆ ಪದವಿ ನಡೆಸುವ ಗುತ್ತಿಗೆ ಕೊಡಕೂಡದೆಂದು ಯು.ಜಿ.ಸಿ. 2022ರಲ್ಲಿ ಎಚ್ಚರಿಕೆ ಕೊಟ್ಟಿದೆ.

ಇದೆಲ್ಲ ಕಾಗದದ ಕಟ್ಟಳೆ, ನಮಗೇಕೆ ಎನ್ನಬೇಡಿ. ಕಟ್ಟಳೆ ಮುರಿದಾಗ ಯಾರ ತಲೆ ಒಡೆಯುತ್ತದೆಂಬುದನ್ನು ನಮ್ಮ ರಾಜ್ಯವೇ ನೋಡಿದೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ತನ್ನ ವ್ಯಾಪ್ತಿಯನ್ನು ಮೀರಿ ಹೊರರಾಜ್ಯಗಳಲ್ಲಿ ಖಾಸಗಿ ಕೇಂದ್ರಗಳ ಮೂಲಕ ತರಗತಿ ನಡೆಸಿತೆಂಬ ಕಾರಣಕ್ಕೆ 2015ರಲ್ಲಿ ಯು.ಜಿ.ಸಿ. ಅದರ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಅದೂ ಹಿಂದಿನ ವರ್ಷಗಳಿಂದಲೇ ಅನ್ವಯವಾಗುವಂತೆ. ಮತ್ತೆ ಮಾನ್ಯತೆ ಬಂದದ್ದು 2018ರಲ್ಲಿ. ನಡುವಣ ಕಾಲದಲ್ಲಿ ಹಣ ಕಟ್ಟಿ, ಓದಿ, ಪಾಸಾದ ಸಾವಿರಾರು ಮಕ್ಕಳು ಕೈಯಲ್ಲಿ ಪದವಿ ಪತ್ರ ಹಿಡಿದುಕೊಂಡು ಇದಕ್ಕೆ ಬೆಲೆ ಇದೆಯೋ ಇಲ್ಲವೋ ಎಂದು ಕೋರ್ಟು ಕಚೇರಿ ಅಲೆದರು. ನಿಯಮ ಮೀರಿದವರು ಮೇಲಿನವರು, ದಂಡ ತೆತ್ತವರು ಕೆಳಗಿನವರು. ಇಂದು ಅದೇ ವಿಶ್ವವಿದ್ಯಾನಿಲಯ ಮಾನ್ಯತೆಯೊಡನೆ ನಡೆಯುತ್ತಿದೆ. ಸಾರ್ವಜನಿಕ ಸಂಸ್ಥೆಯಾದ ಅದನ್ನು ಉಳಿಸಿಕೊಳ್ಳಬೇಕೆಂಬುದೇ ನಮ್ಮ ನಿಲುವು. ಆದರೆ ಸರಕಾರಿ ಮುದ್ರೆ ಇದ್ದಲ್ಲೂ ಪಟ್ಟಿ ನೋಡಿಯೇ ಸೇರಬೇಕು.

ಎರಡನೆಯ ಪ್ರಶ್ನೆ: ಈ ಪದವಿ ಯಾವ ಕೆಲಸಕ್ಕಾಗಿ? ಇದಕ್ಕೆ ಉತ್ತರವಿಲ್ಲದಿದ್ದರೆ ಉಳಿದ ಲೆಕ್ಕವೆಲ್ಲ ವ್ಯರ್ಥ. ಕೆ.ಎ.ಎಸ್. ಪರೀಕ್ಷೆಗೆ ಯಾವುದಾದರೂ ಒಂದು ಪದವಿ ಸಾಕು. ಪ್ರಥಮ ದರ್ಜೆ ಸಹಾಯಕ ಹುದ್ದೆಗೂ ಪದವಿ ಸಾಕು. ದ್ವಿತೀಯ ದರ್ಜೆಗೆ ಪಿ.ಯು.ಸಿ. ಸಾಕು. ಬ್ಯಾಂಕಿನ ಅಧಿಕಾರಿ ಪರೀಕ್ಷೆಗೂ ಪದವಿ ಸಾಕು. ಇವುಗಳಿಗಾಗಿ ಎಂ.ಎ. ಮಾಡುವುದು ಊರ ಬಾವಿಗೆ ಹೋಗಲು ಬಸ್ಸಿನ ಟಿಕೀಟು ಕೊಂಡಂತೆ. ಆ ಎರಡು ವರ್ಷ ಪರೀಕ್ಷೆಗೇ ಓದಿದರೆ ಒಳಿತು. ಆದರೆ ಪಿ.ಯು. ಕಾಲೇಜಿನ ಉಪನ್ಯಾಸಕರಾಗಲು ಸ್ನಾತಕೋತ್ತರ ಪದವಿ ಬೇಕು, ಅದರಲ್ಲಿ ಶೇಕಡ 55 ಅಂಕ ಬೇಕು, ಜೊತೆಗೆ ಬಿ.ಎಡ್. ಬೇಕು. ಪದವಿ ಕಾಲೇಜಿಗಾದರೆ ಶೇಕಡ 55ರ ಮೇಲೆ ನೆಟ್ ಅಥವಾ ಕೆ-ಸೆಟ್ ಪರೀಕ್ಷೆ ಪಾಸಾಗಬೇಕು. ಮೀಸಲಾತಿಯವರಿಗೆ ನೆಟ್ ಪರೀಕ್ಷೆಗೆ ಶೇಕಡ 50 ಅಂಕ ಸಾಕು. ಇಂಥ ಗುರಿ ಇರುವ ಮಗಳಿಗೆ ಎಂ.ಎ. ಬೇಕೇಬೇಕು. ಅವಳಿಗೆ ಬೇಡವೆನ್ನುವುದು ಪಾಪ.

ಒಂದು ನಿದರ್ಶನ ಹೇಳುತ್ತೇವೆ. ಅಕ್ಕಿ ಗಿರಣಿಯ ಹಮಾಲರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದಿದವಳು. ಫೋನಿನವರು ಎಂ.ಬಿ.ಎ. ಎಂದಿದ್ದರು, ತಂದೆ ಒಪ್ಪಿಬಿಟ್ಟಿದ್ದರು. “ನೀನು ಏನಾಗಬೇಕವ್ವಾ?” ಎಂದು ನಾವು ಕೇಳಿದೆವು. ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ. “ಪಿ.ಯು. ಕಾಲೇಜಿನಲ್ಲಿ ಪಾಠ ಹೇಳಬೇಕು” ಎಂದಳು. ಎಂ.ಬಿ.ಎ. ಮಾಡಿದ್ದರೆ ಆ ಬಾಗಿಲು ಅವಳಿಗೆ ತೆರೆಯುತ್ತಲೇ ಇರಲಿಲ್ಲ. ಅರ್ಥಶಾಸ್ತ್ರದಲ್ಲೇ ಎಂ.ಎ., ಮುಂದೆ ಬಿ.ಎಡ್. ಎಂದು ನಿಶ್ಚಯವಾಯಿತು. ಪಟ್ಟಿ ನೋಡಿ ಸರಕಾರಿ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಸೇರಿದಳು. ಹಗಲು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ಸಾಲದ ಕಾಗದ ಸಹಿಯಾಗದೆ ಉಳಿಯಿತು.

ಮೂರನೆಯದು ಹಣದ ಲೆಕ್ಕ. ಶುಲ್ಕ ಒಂದು ಲಕ್ಷ ಇಪ್ಪತ್ತು ಸಾವಿರ ಎಂದು ಇಟ್ಟುಕೊಳ್ಳೋಣ. “ಬಡ್ಡಿಯೇ ಇಲ್ಲ, ತಿಂಗಳಿಗೆ ಐದು ಸಾವಿರ ಮಾತ್ರ” ಎನ್ನುತ್ತಾರೆ. ಹದಿನೈದು ಸಾವಿರದ ಪಗಾರಕ್ಕೆ ಅದು ಮೂರನೆಯ ಒಂದು ಪಾಲು. ಬಡ್ಡಿ ಇಲ್ಲದ ಸಾಲವನ್ನು ಸಾಹುಕಾರ ಕೊಟ್ಟದ್ದನ್ನು ತಾವು ಎಲ್ಲಾದರೂ ಕಂಡಿದ್ದೀರಾ? ಅಂಗಡಿಯಲ್ಲಿ ನಗದು ಬೆಲೆ ಬೇರೆ, ಉದ್ರಿ ಬೆಲೆ ಬೇರೆ. “ಒಟ್ಟಿಗೇ ನಗದು ಕಟ್ಟಿದರೆ ಎಷ್ಟು?” ಎಂದು ಕೇಳಿ, ಬಡ್ಡಿ ಎಲ್ಲಿ ಅಡಗಿದೆಯೆಂದು ತಿಳಿಯುತ್ತದೆ. ಇನ್ನೊಂದು ಮಾತು: ತಾವು ಸಹಿ ಹಾಕುವುದು ಕಂತಿನ ಕಾಗದವಲ್ಲ, ಹಣಕಾಸು ಕಂಪೆನಿಯೊಂದರ ಸಾಲಪತ್ರ. ಮಗ ನಡುವೆ ಓದು ಬಿಟ್ಟರೂ ಸಾಲ ಬಿಡುವುದಿಲ್ಲ. ಮೊಬೈಲ್ ಸಾಲಗಳ ಬಗ್ಗೆ ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮಗಳನ್ನು ಮಾಡಿದೆ. ಒಟ್ಟು ವೆಚ್ಚವನ್ನು ತೋರಿಸುವ ಮುಖ್ಯಾಂಶ ಪತ್ರವನ್ನು ಮೊದಲೇ ಕೊಡಬೇಕು. ಸಾಲ ಪಡೆದ ಮೇಲೂ ಗೊತ್ತುಪಡಿಸಿದ ಕಾಲಾವಧಿಯೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕೊಟ್ಟು ದಂಡವಿಲ್ಲದೆ ಹೊರಬರಲು ಅವಕಾಶವಿರಬೇಕು. ಆ ಪತ್ರವನ್ನು ಕೇಳಿ ಪಡೆಯಿರಿ.

ರಸೀತಿಯನ್ನೂ ನೋಡಿ. ಕಾನೂನು ಮಾನ್ಯತೆ ಪಡೆದ ಪದವಿಗಾಗಿ ವಿದ್ಯಾಸಂಸ್ಥೆಗೆ ಕಟ್ಟುವ ಶುಲ್ಕಕ್ಕೆ ಜಿ.ಎಸ್.ಟಿ. ವಿನಾಯಿತಿ ಇದೆ. ಕೋಚಿಂಗಿಗೆ ಶೇಕಡ 18 ಇದೆ. ರಸೀತಿಯಲ್ಲಿ ಶೇಕಡ 18 ಕಾಣಿಸಿದರೆ ತಾವು ಕೊಳ್ಳುತ್ತಿರುವುದು ಪದವಿಯನ್ನೋ, ಬೇರೆ ಏನನ್ನೋ ಎಂದು ಕೇಳಲು ತಮಗೆ ಹಕ್ಕುಂಟು. ಹಣವು ವಿಶ್ವವಿದ್ಯಾನಿಲಯದ ಖಾತೆಗೇ ಹೋಗಬೇಕು.

ಇನ್ನು ಲಾಭದ ಕಡೆ. ಓದಿದ ಮೇಲೆ ಸಂಬಳ ತಿಂಗಳಿಗೆ ಎರಡು ಸಾವಿರ ಹೆಚ್ಚಿತೆನ್ನಿ. ಒಂದು ಲಕ್ಷ ಇಪ್ಪತ್ತು ಸಾವಿರ ತಿರುಗಿ ಬರಲು ಅರವತ್ತು ತಿಂಗಳು, ಅಂದರೆ ಐದು ವರ್ಷ ಬೇಕು. ಐನೂರು ಮಾತ್ರ ಹೆಚ್ಚಿದರೆ ಇಪ್ಪತ್ತು ವರ್ಷ. ಏನೂ ಹೆಚ್ಚದಿದ್ದರೆ ಲೆಕ್ಕವೇ ಬೇಡ. ಆದುದರಿಂದ ಮಗ ಈಗಾಗಲೇ ಕೆಲಸದಲ್ಲಿದ್ದರೆ, ಈ ಪದವಿ ತಂದರೆ ಬಡ್ತಿ ಕೊಡುವಿರಾ ಎಂದು ಕೆಲಸ ಕೊಟ್ಟವರನ್ನು ಮೊದಲೇ ಕೇಳಲಿ. ಇನ್ನೊಂದು ಬಾಬತ್ತನ್ನೂ ಖರ್ಚಿನ ಕಡೆ ಬರೆಯಬೇಕು. 2024ರ ಜನವರಿಯಲ್ಲಿ ರಾಜ್ಯ ಸರಕಾರ ಹಣ ಕೊಡಲಾರಂಭಿಸಿದ ಯುವನಿಧಿ ಯೋಜನೆಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಭತ್ಯೆ. ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ ಅದು ಇಲ್ಲ. ಪೂರ್ತಿ ಅವಧಿಯ ಮೊತ್ತ 72,000 ರೂಪಾಯಿ.

ನಾಲ್ಕನೆಯದು ಹೊತ್ತಿನ ಲೆಕ್ಕ. ಇದನ್ನು ಫೋನಿನವರು ಎಂದೂ ಹೇಳುವುದಿಲ್ಲ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ಎಣಿಕೆಯಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಓದು. 80 ಕ್ರೆಡಿಟ್‌ಗಳ ಎಂ.ಎ. ಎಂದರೆ 2,400 ಗಂಟೆ. ಎರಡು ವರ್ಷಕ್ಕೆ 104 ವಾರ. ವಾರಕ್ಕೆ 23 ಗಂಟೆ, ದಿನಕ್ಕೆ ಮೂರು ಗಂಟೆಗೂ ಮಿಕ್ಕಿ. ರಾತ್ರಿ ಪಾಳಿ ಮುಗಿಸಿ ಬಂದ ಹುಡುಗ, ಒಂದೇ ಕೋಣೆಯ ಮನೆಯಲ್ಲಿ, ತಂಗಿಯ ಪಾಠದ ಸದ್ದು, ಅಜ್ಜಿಯ ಕೆಮ್ಮಿನ ನಡುವೆ ದಿನವೂ ಮೂರು ಗಂಟೆ ಕೂಡಬಲ್ಲನೇ? ಬಲ್ಲವನಾದರೆ ಅವನಿಗೆ ನಮ್ಮ ನಮಸ್ಕಾರ. ಎರಡು ವರ್ಷದ್ದನ್ನು ನಾಲ್ಕು ವರ್ಷದಲ್ಲಿ ಮುಗಿಸಲೂ ಅಲ್ಲಿ ಅವಕಾಶವುಂಟು, ನಾಚಿಕೆಪಡಬೇಕಾಗಿಲ್ಲ. ಪರೀಕ್ಷಿಸುವ ಒಂದು ಸುಲಭ ಉಪಾಯವೂ ಇದೆ. 2017ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಸ್ವಯಂ ಎಂಬ ಜಾಲದಲ್ಲಿ ಕಾಲೇಜು ಪಾಠಗಳು ಪುಕ್ಕಟೆ ಸಿಗುತ್ತವೆ. ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ಶುಲ್ಕ ಕಟ್ಟಬೇಕು. ಎಂ.ಎ. ಸೇರುವ ಮುನ್ನ ಅಲ್ಲಿ ಒಂದು ಪಾಠವನ್ನು ಮೊದಲಿನಿಂದ ಕಡೆಯವರೆಗೆ ಮುಗಿಸಿ ನೋಡಲಿ. ಮೂರನೆಯ ವಾರಕ್ಕೇ ಕೈಬಿಟ್ಟರೆ ಒಂದು ಲಕ್ಷ ಉಳಿಯಿತು. ಮುಗಿಸಿದರೆ ಮಗನ ಮೇಲೆ ನಂಬಿಕೆ ಇಡಬಹುದು.

ಅಂಗಡಿಕಾರ ಬಂಧುಗಳಿಗೆ ಪ್ರತ್ಯೇಕವಾಗಿ ಒಂದು ಮಾತು. ಮಗ ಅಂಗಡಿಯಲ್ಲೇ ಕೂಡುವವನಾದರೆ ಅವನಿಗೆ ಬೇಕಾದುದು ಟ್ಯಾಲಿಯಲ್ಲಿ ಲೆಕ್ಕ ಬರೆಯುವುದು, ಜಿ.ಎಸ್.ಟಿ. ರಿಟರ್ನ್ ತುಂಬುವುದು, ಬ್ಯಾಂಕಿನೊಡನೆ ವ್ಯವಹರಿಸುವುದು. ಇವನ್ನು ಕಲಿಯಲು ಕೆಲವು ತಿಂಗಳು ಸಾಕು. ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕಲು ಎಂ.ಬಿ.ಎ. ಬೇಕೆಂದರೆ ಅದು ಬೇರೆ ಮಾತು; ಮದುವೆಯ ಮಾತುಕತೆಗೆ ಬೇಕೆಂದರೆ ಅದನ್ನು ಬಾಯಿಬಿಟ್ಟು ಹೇಳಿ, ವರದಕ್ಷಿಣೆಯ ಖಾತೆಗೆ ಬರೆದುಕೊಳ್ಳಿ. ಆ ಖಾತೆಯನ್ನು ಪಕ್ಷ ಒಪ್ಪುವುದಿಲ್ಲ.

ತಾಯಂದಿರಿಗೆ ಬೇರೆಯೇ ಮಾತು ಹೇಳಬೇಕು. ಬಿ.ಎ. ಆದೊಡನೆ ಮದುವೆ ಮಾಡಿ ಕಳಿಸಿದ ಹೆಣ್ಣುಮಕ್ಕಳು, ಊರು ಬಿಟ್ಟು ಹಾಸ್ಟೆಲಿನಲ್ಲಿ ಇರಲು ಮನೆಯವರು ಒಪ್ಪದ ಹೆಣ್ಣುಮಕ್ಕಳು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಓದಬಲ್ಲ ಹೆಣ್ಣುಮಕ್ಕಳು ಇದ್ದಾರೆ. ಇವರಿಗೆ ದೂರ ಶಿಕ್ಷಣ ನಿಜವಾದ ಬಾಗಿಲು. ಇವರ ವಿಷಯದಲ್ಲಿ ಎರಡು ಸಾವಿರ ಸಂಬಳ ಹೆಚ್ಚುವುದೊಂದೇ ಲಾಭವೆಂದು ನಾವು ಎಣಿಸುವುದಿಲ್ಲ. ಮನೆಯಲ್ಲಿ ಒಂದೇ ಶುಲ್ಕಕ್ಕೆ ಹಣವಿದ್ದು, ಓದುವ ಮನಸ್ಸು ಮಗಳಿಗಿದ್ದು, ಪ್ರತಿಷ್ಠೆಯ ಆಸೆ ಮಾತ್ರ ಮಗನಿಗಿದ್ದರೆ, ಆ ಹಣ ಮಗಳದು.

ಭಾಷೆಯ ಮಾತನ್ನು ಬಿಡುವಂತಿಲ್ಲ. ಕಂಪೆನಿಗಳು ಮಾರುವ ಆನ್‌ಲೈನ್ ಪಾಠಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಕನ್ನಡದಲ್ಲಿ ಓದಿ ಬಂದ ಮಗು ಅಲ್ಲಿ ಮೊದಲ ದಿನವೇ ತತ್ತರಿಸುತ್ತದೆ. ದೋಷ ತನ್ನದೆಂದು ತಿಳಿಯುತ್ತದೆ. ಡಾಕ್ಟರ್ ಲೋಹಿಯಾ ಬರ್ಲಿನ್ನಿನಲ್ಲಿ ಡಾಕ್ಟರೇಟ್ ಪಡೆದವರು. ಆದರೂ ವಿದ್ಯೆ ಜನರ ಭಾಷೆಯಲ್ಲಿ ಸಿಗಬೇಕೆಂದು ಜೀವಮಾನವಿಡೀ ಹೋರಾಡಿದರು. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಕನ್ನಡದಲ್ಲೇ ಓದಿ ಬರೆಯಬಹುದಾದ ಎಂ.ಎ.ಗಳಿವೆ. ಅದನ್ನು ಮೊದಲು ವಿಚಾರಿಸಿ.

ಬಂಧುಗಳೇ, ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಒಂದು ದೊಡ್ಡ ಪ್ರಶ್ನೆ ಉಳಿಯುತ್ತದೆ. ಪದವಿ ಮುಗಿಸಿದ ಮಗ ಮತ್ತೊಂದು ಪದವಿಗೆ ಏಕೆ ಓಡುತ್ತಿದ್ದಾನೆ? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಭಾರತದ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಓದು ಬರಹ ಬಾರದ ಯುವಕರಲ್ಲಿ ನಿರುದ್ಯೋಗ ಶೇಕಡ 3.4, ಪದವೀಧರ ಯುವಕರಲ್ಲಿ ಶೇಕಡ 29.1. ಓದಿದವನಿಗೇ ಕೆಲಸವಿಲ್ಲ. ಓದದವನು ಖಾಲಿ ಕೂತರೆ ಹೊಟ್ಟೆಗಿಲ್ಲವಾದ್ದರಿಂದ ಸಿಕ್ಕ ಕೂಲಿಗೆ ಹೋಗುತ್ತಾನೆ. ಹುದ್ದೆ ನೂರು, ಅರ್ಜಿ ಲಕ್ಷವಾದಾಗ ಪ್ರತಿಯೊಬ್ಬನೂ ಪಕ್ಕದವನಿಗಿಂತ ಒಂದು ಕಾಗದ ಹೆಚ್ಚು ಹಿಡಿಯಲು ನೋಡುತ್ತಾನೆ. ಜಾತ್ರೆಯಲ್ಲಿ ಮುಂದಿನವನು ತುದಿಗಾಲಲ್ಲಿ ನಿಂತರೆ ಹಿಂದಿನವನೂ ನಿಲ್ಲಬೇಕು. ಕಡೆಗೆ ಎಲ್ಲರ ಕಾಲೂ ನೋಯುತ್ತದೆ, ತೇರು ಯಾರಿಗೂ ಹೆಚ್ಚು ಕಾಣುವುದಿಲ್ಲ. ತುದಿಗಾಲಿಗೆ ಮಣೆ ಮಾರುವವನಿಗೆ ಮಾತ್ರ ಲಾಭ.

ಆದುದರಿಂದ ನಮ್ಮ ಬೇಡಿಕೆಗಳು ಇವು. ಖಾಲಿ ಇರುವ ಸರಕಾರಿ ಹುದ್ದೆಗಳನ್ನು ತುಂಬಬೇಕು. ಸರಕಾರಿ ಮುಕ್ತ ವಿಶ್ವವಿದ್ಯಾನಿಲಯಗಳಲ್ಲಿ ದುಡಿಯುವವರ ಮಕ್ಕಳಿಗೆ ಶುಲ್ಕ ಮನ್ನಾ ಆಗಬೇಕು. ತಾಲ್ಲೂಕಿನ ಗ್ರಂಥಾಲಯಗಳಲ್ಲಿ ಕಂಪ್ಯೂಟರು, ಇಂಟರ್ನೆಟ್ ಮತ್ತು ರಾತ್ರಿ ಹತ್ತರವರೆಗೆ ಓದಲು ಕೋಣೆ ಬೇಕು. ಫೋನಿನಲ್ಲಿ ಪದವಿ ಮಾರುವವರ ಮೇಲೆ ಕಟ್ಟುನಿಟ್ಟಿನ ನಿಗಾ ಬೇಕು. ಇವು ಆಗುವವರೆಗೆ ನಾವು ಸುಮ್ಮನೆ ಕೂಡುವುದಿಲ್ಲ. ಪ್ರತಿ ಭಾನುವಾರ ಬೆಳಗ್ಗೆ ನಮ್ಮ ಕಚೇರಿಯಲ್ಲಿ ಇಬ್ಬರು ಸಂಗಾತಿಗಳು ಕುಳಿತಿರುತ್ತಾರೆ. ಸಾಲಪತ್ರವನ್ನೂ ಪ್ರವೇಶದ ಅರ್ಜಿಯನ್ನೂ ಸಹಿ ಹಾಕುವ ಮುನ್ನ ತನ್ನಿ. ಸಹಿ ಹಾಕಿದ ಮೇಲಾದರೂ ತನ್ನಿ. ಪಟ್ಟಿಯಲ್ಲಿ ಹೆಸರಿದೆಯೋ ನೋಡಿ ಹೇಳುತ್ತೇವೆ. ಇದಕ್ಕೆ ಪಕ್ಷದ ಸದಸ್ಯತ್ವ ಬೇಕಾಗಿಲ್ಲ, ಚಂದಾ ಬೇಕಾಗಿಲ್ಲ.

ಕಡೆಯದಾಗಿ ಮನೆಗೆ ಒಯ್ಯಲು ನಾಲ್ಕು ಪ್ರಶ್ನೆಗಳು: ಪಟ್ಟಿಯಲ್ಲಿದೆಯೇ? ಯಾವ ಕೆಲಸಕ್ಕೆ? ಎಷ್ಟು ವರ್ಷದಲ್ಲಿ ಹಣ ತಿರುಗಿ ಬರುತ್ತದೆ? ದಿನಕ್ಕೆ ಮೂರು ಗಂಟೆ ಎಲ್ಲಿದೆ? ನಾಲ್ಕಕ್ಕೂ ಉತ್ತರ ಸಿಕ್ಕಿದರೆ ಧೈರ್ಯವಾಗಿ ಸೇರಿಸಿ, ಹೊಟ್ಟೆ ಬಟ್ಟೆ ಕಟ್ಟಿಯಾದರೂ ಓದಿಸಿ. ಒಂದಕ್ಕೆ ಉತ್ತರವಿಲ್ಲದಿದ್ದರೂ ಕಾಯಿರಿ. ಪ್ರವೇಶವು ವರ್ಷದಲ್ಲಿ ಎರಡು ಸಲ ಬರುತ್ತದೆ, ಅಡವಿಟ್ಟ ಸರ ಅಷ್ಟು ಸುಲಭವಾಗಿ ಮನೆಗೆ ಬರುವುದಿಲ್ಲ. ಈ ಪ್ರಶ್ನೆಗಳನ್ನು ಮಕ್ಕಳ ಮೇಲೆ ಎಸೆಯಬೇಡಿ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಕೈಗೇ ಪೆನ್ಸಿಲು ಕೊಟ್ಟು, ಅವರಿಂದಲೇ ಲೆಕ್ಕ ಮಾಡಿಸಿ.